ಸಿರಾ ವೈನ್: ಕಾಳುಮೆಣಸಿಗೆ ಒಲಿಯುತ್ತದೆ, ಮೆಣಸಿನಕಾಯಿಗೆ ಮುನಿಯುತ್ತದೆ

ಹಿಂದೆ ಮೆಣಸು ಎಂದರೆ ಕಾಳುಮೆಣಸೇ. ಪೋರ್ಚುಗೀಸರ ಹಡಗಿನಲ್ಲಿ ಆಮೇಲೆ ಬಂದ ಮೆಣಸಿನಕಾಯಿ ಅದರ ಹೆಸರನ್ನೇ ಹೊತ್ತುಕೊಂಡು ಅಡುಗೆಮನೆಯನ್ನು ಆಳತೊಡಗಿತು. ನಮ್ಮ ಬಾಯಲ್ಲಿ ಎರಡೂ ‘ಖಾರ’ವೇ. ಆದರೆ ಸಿರಾ ಎಂಬ ಕೆಂಪು ವೈನನ್ನು ಊಟದ ಜೊತೆ ಕುಡಿಯುವವರು ಈ ಎರಡು ಖಾರಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಕಾಳುಮೆಣಸಿಗೆ ಘಮ ಕೊಡುವ ವಸ್ತು ಈ ವೈನಿನೊಳಗೂ ಇದೆ. ಮೆಣಸಿನಕಾಯಿಯ ಉರಿಯಾದರೋ ಇದೇ ವೈನನ್ನು ಬಾಯಲ್ಲಿ ಕೆಡಿಸಿಬಿಡುತ್ತದೆ.

ಬೆಂಗಳೂರಿನವರಿಗೆ ಇದು ದೂರದ ದ್ರಾಕ್ಷಿಯಲ್ಲ. ದೊಡ್ಡಬಳ್ಳಾಪುರದ ಕಡೆಯಿಂದ ನಂದಿಬೆಟ್ಟದ ತಪ್ಪಲಿನವರೆಗೆ ಇದರ ತೋಟಗಳಿವೆ. ಬಾಟಲಿಯ ಮೇಲೆ ಕೆಲವರು ಸಿರಾ ಎಂದು ಬರೆಯುತ್ತಾರೆ, ಕೆಲವರು ಶಿರಾಜ್ ಎಂದು, ತಳಿ ಒಂದೇ. ಫ್ರಾನ್ಸಿನ ರೋನ್ ನದಿಯ ಕಣಿವೆಯ ಉತ್ತರ ಭಾಗ ಇದರ ತವರು. 1832ರಲ್ಲಿ ಜೇಮ್ಸ್ ಬಸ್ಬಿ ಎಂಬಾತ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ತಂದ ದ್ರಾಕ್ಷಿ ಕಡ್ಡಿಗಳಲ್ಲಿ ಇದೂ ಇತ್ತು. ಶಿರಾಜ್ ಎಂಬ ಹೆಸರು ಊರೂರಿಗೆ ಹಬ್ಬಿದ್ದು ಅಲ್ಲಿಂದ. ಇರಾನಿನ ಶಿರಾಜ್ ನಗರದಿಂದ ಬಂದ ತಳಿ ಎಂಬ ಕಥೆ ಬಹುಕಾಲ ಓಡಾಡಿತು. ತೊಂಬತ್ತರ ದಶಕದ ಕೊನೆಯಲ್ಲಿ ನಡೆದ ಡಿಎನ್‌ಎ ಪರೀಕ್ಷೆ ಅದನ್ನು ನಿಲ್ಲಿಸಿತು: ದ್ಯುರೇಜಾ ಎಂಬ ಕಪ್ಪು ದ್ರಾಕ್ಷಿ, ಮೊಂದ್ಯೂಸ್ ಬ್ಲಾಂಶ್ ಎಂಬ ಬಿಳಿ ದ್ರಾಕ್ಷಿ, ಎರಡೂ ಫ್ರಾನ್ಸಿನವೇ, ಇದರ ತಂದೆತಾಯಿ.

ನಮ್ಮಲ್ಲಿ ಮೊದಲ ಸಲ ಸಿರಾ ಕುಡಿದವರು ಮುಖ ಕಿವುಚುವುದಕ್ಕೆ ಕಾರಣವಿದೆ. ಇಲ್ಲಿ ಹಲವರಿಗೆ ವೈನ್ ಎಂದರೆ ಸಿಹಿಯಾದ ‘ಪೋರ್ಟ್’, ಇಲ್ಲವೇ ಕ್ರಿಸ್ಮಸ್ಸಿಗೆ ಮನೆಯಲ್ಲಿ ಸಕ್ಕರೆ ಸುರಿದು ಮಾಡುವ ದ್ರಾಕ್ಷಾರಸ. ಆ ರುಚಿಗೆ ಮೂಲ ಬೆಂಗಳೂರು ನೀಲಿ ದ್ರಾಕ್ಷಿ. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ, ಜ್ಯೂಸಿಗೆ ಅದರಷ್ಟು ಘಮದ ಹಣ್ಣು ಸಿಗುವುದು ಕಷ್ಟ. ಆದರೆ ಅದು ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಬೆರೆತ ತಳಿ. ಅದರ ಮಿಠಾಯಿಯಂಥ ವಾಸನೆ ಸಿರಾದಲ್ಲಿ ಇರುವುದಿಲ್ಲ. ಸಿರಾ ಯುರೋಪಿನ ತಳಿ. ಹಣ್ಣು ಸಣ್ಣದು, ಮೊಟ್ಟೆಯಾಕಾರ, ಸಿಪ್ಪೆ ಕಡುನೀಲಿ. ಹಣ್ಣಿನ ಸಕ್ಕರೆಯೆಲ್ಲ ಆಲ್ಕೋಹಾಲ್ ಆಗುವವರೆಗೆ ಹುದುಗಿಸುವುದರಿಂದ ಸಿಹಿ ಉಳಿಯುವುದಿಲ್ಲ. ಉಳಿಯುವುದು ಹುಳಿ, ಒಗರು ಮತ್ತು ಘಮ.

ಒಗರು! ವೈನಿನ ಬಗ್ಗೆ ಮಾತಾಡುವಾಗ ಕನ್ನಡದವರಿಗೆ ಸಿಕ್ಕಿರುವ ವರ ಈ ಪದ. ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಟ್ಯಾನಿನ್ನಿನ ಅನುಭವವನ್ನು ನೇರಳೆ ಹಣ್ಣು ತಿಂದ ಯಾವ ಮಗುವೂ ಒಂದೇ ಮಾತಲ್ಲಿ ಹೇಳುತ್ತದೆ. ಟ್ಯಾನಿನ್ ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ. ಅದು ಎಂಜಲಿನಲ್ಲಿರುವ ಪ್ರೊಟೀನಿಗೆ ಅಂಟಿಕೊಂಡು ಅದನ್ನು ಬೇರ್ಪಡಿಸುತ್ತದೆ. ಬಾಯಿಯ ಜಾರಿಕೆ ಹೋಗಿ ನಾಲಿಗೆ, ವಸಡು ಒಣಗಿದಂತಾಗುತ್ತವೆ. ಇದು ಕಹಿಯಲ್ಲ. ಕಹಿ ನಾಲಿಗೆಯ ರುಚಿ, ಒಗರು ಬಾಯಿಗಾಗುವ ಸ್ಪರ್ಶ. ಚೆನ್ನಾಗಿ ಮಾಗಿದ ಸಿರಾದ ಒಗರು ಹಣ್ಣಾದ ನೇರಳೆಯದರಂತೆ ಮೆತ್ತಗಿರುತ್ತದೆ. ಬಲಿಯದ ಬೀಜದಿಂದ ಬಂದದ್ದು ಬಾಳೆಕಾಯಿ ಕಚ್ಚಿದ ಹಾಗೆ ಒರಟು. ಊಟದ ಜೊತೆ ಹೊಂದಿಸುವಾಗ ನಾವು ನಿಭಾಯಿಸಬೇಕಾದ್ದು ಮುಖ್ಯವಾಗಿ ಈ ಒಗರನ್ನೇ.

ನಂದಿಯ ತಪ್ಪಲಿನಲ್ಲಿ ಕಾಲ ತಿರುವುಮುರುವು

ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಸುಮಾರು 13 ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ವಿಜಯಪುರದ ಬೆಳೆಗಾರರ ಮಾತಿನಲ್ಲಿ ಚಾಟನಿ. ಏಪ್ರಿಲ್ ಹೊತ್ತಿಗೆ ಮಾಡುವ ಮೊದಲ ಚಾಟನಿ ಕಡ್ಡಿ ಬೆಳೆಸುವುದಕ್ಕೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್‌ನ ಎರಡನೆಯದು ಹಣ್ಣು ಹಿಡಿಸುವುದಕ್ಕೆ. ಎರಡನೆಯದು ಬೇಗ ಆದರೆ ಮಳೆಗೆ ಸಿಕ್ಕಿ ಡೌನಿ ಎಂಬ ಬೂಜು ರೋಗ ಹೂಗೊಂಚಲನ್ನೇ ತಿನ್ನುತ್ತದೆ. ತಡವಾದರೆ ಇನ್ನೊಂದು ತೊಂದರೆ, ಮತ್ತು ಇಲ್ಲಿಯ ಸಿರಾದ ಗುಣವನ್ನು ನಿರ್ಧರಿಸುವುದು ಈ ಎರಡನೆಯ ತೊಂದರೆಯೇ.

ಫ್ರಾನ್ಸಿನಲ್ಲಿ ಹಣ್ಣು ಮಾಗುವುದು ಬೇಸಿಗೆ ಕಳೆದು ತಂಪಿಗೆ ಹೋಗುವಾಗ. ನಮ್ಮಲ್ಲಿ ಮಾಗುವುದು ಚಳಿ ಕಳೆದು ಬೇಸಿಗೆಗೆ ಹೋಗುವಾಗ. ಚಾಟನಿ ತಡವಾದಷ್ಟೂ ಹಣ್ಣು ಬೇಸಿಗೆಗೆ ಸಿಕ್ಕಿಬೀಳುತ್ತದೆ. ಜನವರಿಯಲ್ಲಿ ಈ ಭಾಗದ ರಾತ್ರಿ 15 ಡಿಗ್ರಿಯ ಆಸುಪಾಸು ಇದ್ದರೆ, ಮಾರ್ಚ್ ಕೊನೆಗೆ 20ರ ಹತ್ತಿರ ಬಂದು ಹಗಲು 33 ಮುಟ್ಟುತ್ತದೆ. ರಾತ್ರಿ ಬೆಚ್ಚಗಾದಷ್ಟೂ ಹಣ್ಣು ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಉಸಿರಾಟದಲ್ಲಿ ಸುಟ್ಟುಹಾಕುತ್ತದೆ. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಸಿರಾಕ್ಕೆ ಇನ್ನೊಂದು ಚಾಳಿಯೂ ಇದೆ: ಮಾಗುವಿಕೆಯ ಕೊನೆಯಲ್ಲಿ ಹಣ್ಣು ನೀರು ಕಳೆದುಕೊಂಡು ಸುಕ್ಕಾಗುತ್ತದೆ. ಆಗ ಹಣ್ಣಿನ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರಿನಲ್ಲಿ ಅಳತೆ ಏರಿದಂತೆ ಕಂಡರೂ ಹಣ್ಣು ಮಾಗಿದ್ದಲ್ಲ, ಒಣಗಿದ್ದು. 23–24 ಬ್ರಿಕ್ಸಿಗೆ ಕಿತ್ತರೆ ವೈನಿನಲ್ಲಿ ಸುಮಾರು 13ರಿಂದ 14 ಶೇಕಡಾ ಆಲ್ಕೋಹಾಲ್ ಬರುತ್ತದೆ; ಆಸೆಪಟ್ಟು ಕಾದರೆ ಬೇಯಿಸಿದ ಜಾಮಿನ ವಾಸನೆ, ಗಂಟಲಿಗೆ ಬಿಸಿ. ಹುಳಿ ಕಡಿಮೆಯಾದಾಗ ಟಾರ್ಟಾರಿಕ್ ಆಮ್ಲ ಸೇರಿಸುವುದು ಬಿಸಿ ಸೀಮೆಯ ವೈನರಿಗಳಲ್ಲಿ ಸಾಮಾನ್ಯ. ಅದು ಕಲಬೆರಕೆಯಲ್ಲ, ದ್ರಾಕ್ಷಿಯಲ್ಲಿ ಮೊದಲೇ ಇರುವ ಆಮ್ಲವೇ ಅದು.

ಎತ್ತರ ಇಲ್ಲಿ ಕೈ ಹಿಡಿಯುತ್ತದೆ. ನಂದಿಬೆಟ್ಟದ ತುದಿ 1,478 ಮೀಟರ್. ತಪ್ಪಲಿನ ತೋಟಗಳು ಅದಕ್ಕಿಂತ ಬಹಳ ಕೆಳಗೆ, ಬೆಂಗಳೂರಿನ ಮಟ್ಟದ ಆಸುಪಾಸಿನಲ್ಲಿವೆ. ಕಲ್ಲು ಬೆರೆತ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ಬಳ್ಳಿ ಸೊಪ್ಪಿಗೆ ಓಡದೆ ಹಣ್ಣಿಗೆ ಗಮನ ಕೊಡುತ್ತದೆ. ಈ ತಪ್ಪಲಿನಲ್ಲಿ ಫ್ರೆಂಚ್ ತಳಿಗಳನ್ನು ಗಂಭೀರವಾಗಿ ಬೆಳೆಸಿದವರಲ್ಲಿ ಮೊದಲಿಗರು ಕನ್ವಲ್ ಗ್ರೋವರ್. ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಶಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಜೊತೆ ಸೇರಿ ತಳಿಗಳನ್ನು ಪರೀಕ್ಷಿಸಿ ತೋಟ ಕಟ್ಟಿದರು. ಅವರ ‘ಲಾ ರಿಸರ್ವ್’ ಕ್ಯಾಬರ್ನೆ ಎಂಬ ಇನ್ನೊಂದು ಕಪ್ಪು ದ್ರಾಕ್ಷಿ ಮತ್ತು ಶಿರಾಜ್ ಬೆರೆಸಿದ ವೈನ್. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಮೇಲೆ ಇನ್ನಷ್ಟು ವೈನರಿಗಳು ಬಂದವು. ನಂದಿ ಸೀಮೆಯ ಎಸ್‌ಡಿಯು ವೈನರಿಯ ವೈನುಗಳಲ್ಲಿ ಬೇರೆ ತಳಿ ಬೆರೆಸದ ಸಿರಾವೂ ಒಂದು. ಹಂಪಿಯ ಕಡೆಯ ಕೃಷ್ಮಾ ಎಸ್ಟೇಟಿನ ಸಿರಾವನ್ನು ಇದರ ಪಕ್ಕ ಇಟ್ಟು ಕುಡಿದು ನೋಡುವುದು ಒಳ್ಳೆಯ ಪಾಠ, ಒಂದೇ ರಾಜ್ಯದ ಎರಡು ಬೇರೆ ಬಿಸಿಲುಗಳು ಲೋಟದಲ್ಲಿ ಸಿಗುತ್ತವೆ.

ಮೆಣಸೋ, ಲವಂಗವೋ

2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧಕರು ಶಿರಾಜಿನ ಮೆಣಸಿನ ಘಮಕ್ಕೆ ಕಾರಣವಾದ ವಸ್ತುವನ್ನು ಗುರುತಿಸಿದರು. ಹೆಸರು ರೋಟಂಡೋನ್. ನಮ್ಮ ಕಾಳುಮೆಣಸಿನ ಘಮದ ಹಿಂದಿರುವುದೂ ಅದೇ. ಕೆಂಪು ವೈನಿನಲ್ಲಿ ಲೀಟರಿಗೆ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಹದಿನಾರು ಪಾಲು. ಆದರೆ ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಪರೀಕ್ಷೆಯಲ್ಲಿ ಕೊಟ್ಟ ಅತಿ ಹೆಚ್ಚಿನ ಪ್ರಮಾಣದಲ್ಲೂ ಅದರ ವಾಸನೆ ಬರಲೇ ಇಲ್ಲ. ಆದ್ದರಿಂದ ಒಂದೇ ಬಾಟಲಿಯಿಂದ ಕುಡಿದ ಇಬ್ಬರಲ್ಲಿ ಒಬ್ಬರು ಮೆಣಸು ಎಂದು, ಇನ್ನೊಬ್ಬರು ಇಲ್ಲವೆಂದು ವಾದಿಸಿದರೆ ಇಬ್ಬರೂ ಸರಿ.

ರೋಟಂಡೋನ್ ಇರುವುದು ಸಿಪ್ಪೆಯಲ್ಲಿ, ಹೆಚ್ಚಾಗಿ ಕೂಡಿಕೊಳ್ಳುವುದು ತಂಪಾದ ಕಡೆ, ನೆರಳಿನ ಗೊಂಚಲಿನಲ್ಲಿ. ಬಿಸಿಲಿಗೆ ಕಾದ ಗೊಂಚಲಿನಲ್ಲಿ ಕಡಿಮೆ. ಹಾಗಾಗಿ ನಮ್ಮ ಸೀಮೆಯ ಸಿರಾದಲ್ಲಿ ಮುಂದೆ ನಿಲ್ಲುವುದು ನೇರಳೆ, ಕಪ್ಪು ಪ್ಲಮ್‌ನಂಥ ಹಣ್ಣಿನ ಘಮ. ಮೆಣಸು ಹಿಂದೆ ನಿಂತಿರುತ್ತದೆ. ಎಷ್ಟೋ ಸಲ ‘ಮಸಾಲೆ’ ಎಂದು ನಾವು ಗುರುತಿಸುವುದು ದ್ರಾಕ್ಷಿಯದ್ದೇ ಅಲ್ಲ, ವೈನನ್ನು ಮಾಗಲು ಇಡುವ ಓಕ್ ಮರದ ಪೀಪಾಯಿಯದ್ದು. ಓಕ್ ಮರದಲ್ಲಿ ಯೂಜಿನಾಲ್ ಇದೆ, ಲವಂಗದ ಜೀವಾಳ ಅದು. ವೆನಿಲಾದ ವಾಸನೆ ಕೊಡುವ ವೆನಿಲಿನ್ ಕೂಡ ಇದೆ. ಮನೆಯಲ್ಲಿ ಪರೀಕ್ಷಿಸುವುದು ಸುಲಭ: ಎರಡು ಕಾಳು ಮೆಣಸನ್ನು, ಒಂದು ಲವಂಗವನ್ನು ಬೇರೆ ಬೇರೆ ತಟ್ಟೆಯಲ್ಲಿ ಜಜ್ಜಿ, ಒಂದರ ವಾಸನೆ ನೋಡಿ ತಕ್ಷಣ ಲೋಟಕ್ಕೆ ಮೂಗಿಡಿ. ಯಾವುದು ವೈನಿನೊಳಗೆ ಕರಗಿದಂತೆ ಅನಿಸುತ್ತದೋ ಅದೇ ಉತ್ತರ. ಬೆಲೆ ಹೆಚ್ಚಿರುವ ‘ರಿಸರ್ವ್’ ಬಾಟಲಿಗಳಲ್ಲಿ ಸಾಮಾನ್ಯವಾಗಿ ಲವಂಗ ಗೆಲ್ಲುತ್ತದೆ. ಊಟಕ್ಕೆ ಬಾಟಲಿ ಆರಿಸುವಾಗ ಇದು ಉಪಯೋಗಕ್ಕೆ ಬರುತ್ತದೆ: ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕಲ್ಲುಹೂವು ಮುಂದಿರುವ ಅಡುಗೆಗೆ ಪೀಪಾಯಿಯಲ್ಲಿಟ್ಟ ಸಿರಾ, ಕಾಳುಮೆಣಸು ಮುಂದಿರುವ ಅಡುಗೆಗೆ ಪೀಪಾಯಿ ಮುಟ್ಟದ, ಹಣ್ಣಿನ ಘಮ ನಿಚ್ಚಳವಾಗಿರುವ ಸಾದಾ ಬಾಟಲಿಯೇ ವಾಸಿ.

ಬಡಿಸುವ ಮುನ್ನ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಇಲ್ಲಿ ಹೆಚ್ಚು ಕೆಡುಕು ಮಾಡಿದೆ. ಆ ಕೋಣೆ ಯುರೋಪಿನ ಹಳೆಯ ಕಲ್ಲಿನ ಮನೆಯದು. ಸಿರಾಕ್ಕೆ ಬೇಕಾದ್ದು 16–18 ಡಿಗ್ರಿ. ಏಪ್ರಿಲಿನ ಬೆಂಗಳೂರಿನ ಹಾಲ್ 28–30 ಇರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆದು ಹಣ್ಣಿನ ಘಮ ಮುಚ್ಚಿಹೋಗುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಿ. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ನೀರು, ಅರ್ಧ ಐಸು, ಹನ್ನೆರಡು ನಿಮಿಷ ಸಾಕು. ಬರೀ ಐಸಿನಲ್ಲಿ ಹೂತರೆ ತಣಿಯುವುದು ನಿಧಾನ, ಗಾಜಿಗೆ ಎಲ್ಲ ಕಡೆ ತಾಗುವುದು ನೀರು. ಅತಿ ತಣ್ಣಗಾದರೂ ತಪ್ಪೇ: 10 ಡಿಗ್ರಿಗೆ ಇಳಿದರೆ ಒಗರು ಎದ್ದು ನಿಲ್ಲುತ್ತದೆ.

ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯೋ ಕಡ್ಡಿಪೆಟ್ಟಿಗೆ ಗೀಚಿದ ವಾಸನೆಯೋ ಬಂದರೆ ಬಾಟಲಿ ಚೆಲ್ಲಬೇಡಿ. ಹುದುಗುವಾಗ ಯೀಸ್ಟಿಗೆ ಸಾರಜನಕ ಸಾಲದೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸಿರಾದಲ್ಲಿ ಈ ಪ್ರವೃತ್ತಿ ಹೆಚ್ಚು. ಅಗಲ ಬಾಯಿಯ ಜಗ್ಗಿಗೆ ಸ್ವಲ್ಪ ಎತ್ತರದಿಂದ ಸುರಿದು ಅರ್ಧ ಗಂಟೆ ಬಿಟ್ಟರೆ ಬಹುಪಾಲು ಹೋಗುತ್ತದೆ. ಬೆಂದ ಈರುಳ್ಳಿ, ರಬ್ಬರಿನ ವಾಸನೆಯಾಗಿ ಗಟ್ಟಿಯಾಗಿದ್ದರೆ ಮಾತ್ರ ಹೋಗುವುದಿಲ್ಲ. ವಿನಿಗರ್ ಅಥವಾ ಉಗುರುಬಣ್ಣದ ವಾಸನೆ ಬೇರೆ ರೋಗ, ಅದಕ್ಕೆ ಮದ್ದಿಲ್ಲ. ಹಸಿ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ನಮ್ಮಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಾಣುವುದು ಬಿಸಿಲಿಗೆ ಬೆಂದ ವೈನ್: ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಹಣ್ಣಿನ ಬದಲು ಒಣದ್ರಾಕ್ಷಿ ಬೇಯಿಸಿದ ವಾಸನೆ. ಅಂಗಡಿಯ ಗಾಜಿನ ಮುಂದೆ ಬಿಸಿಲು ಬೀಳುವ ಸಾಲಿನಿಂದ ಎತ್ತಿಕೊಳ್ಳಬೇಡಿ. ಕಾರ್ಕ್ ಉಬ್ಬಿದ್ದರೆ, ಕತ್ತಿನ ಸುತ್ತ ಅಂಟು ಸೋರಿದ್ದರೆ ವಾಪಸು ಇಡಿ. ದಿನನಿತ್ಯದ ಬೆಲೆಯ ನಮ್ಮ ಸಿರಾ ವಯಸ್ಸಾದಷ್ಟು ರುಚಿಯಾಗುವ ಜಾತಿಯದಲ್ಲ. ಕೊಯ್ಲಿನ ವರ್ಷದಿಂದ ಮೂರು–ನಾಲ್ಕು ವರ್ಷದೊಳಗಿನದನ್ನು ಕೊಳ್ಳಿ.

ತಟ್ಟೆಯಲ್ಲಿ ಏನಿರಬೇಕು

ಬಿಸಿಯನ್ನು ಗ್ರಹಿಸುವ ನರದ ಬಾಗಿಲೊಂದು ಬಾಯಲ್ಲಿದೆ. ಕುದಿಯುವ ಸಾರು ಅದನ್ನು ತೆರೆಯುತ್ತದೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತೆರೆಯುತ್ತದೆ, ಆಲ್ಕೋಹಾಲ್ ಕೂಡ ಆ ಬಾಗಿಲನ್ನು ಸಡಿಲಿಸುತ್ತದೆ. ಮೂರೂ ಒಟ್ಟಿಗೆ ಬಂದರೆ ಉರಿ ಕೂಡುವುದಿಲ್ಲ, ಗುಣಿಸುತ್ತದೆ. ಉರಿಯುವ ಬಾಯಿಗೆ ಒಗರು ಇನ್ನಷ್ಟು ಒರಟಾಗಿ ತಾಗುತ್ತದೆ, ಹಣ್ಣಿನ ಘಮ ಮಾಯವಾಗುತ್ತದೆ. ಗುಂಟೂರು ಮೆಣಸಿನಕಾಯಿಯ ಕೋಳಿ ಹುರಿದದ್ದರ ಜೊತೆ ಸಿರಾ ಕುಡಿದು ‘ವೈನ್ ಕಹಿ’ ಎನ್ನುವವರಿಗೆ ಆಗಿರುವುದು ಇದೇ. ಕಾಳುಮೆಣಸಿನ ಪೈಪರಿನ್ ಕೂಡ ಅದೇ ಬಾಗಿಲು ತಟ್ಟುತ್ತದೆ, ಆದರೆ ಎಷ್ಟೋ ಮೆಲ್ಲಗೆ. ಜೊತೆಗೆ ವೈನಿನ ಘಮದ ನಂಟೂ ಇದೆ.

ಹಾಗಾಗಿ ಮೊದಲ ಸ್ಥಾನ ಮಟನ್ ಪೆಪ್ಪರ್ ಫ್ರೈಗೆ. ಅರ್ಧ ಕೆಜಿ ಮಾಂಸಕ್ಕೆ ತರಿತರಿಯಾಗಿ ಕುಟ್ಟಿದ ಮೆಣಸು ಎರಡು ಚಮಚ, ಹಸಿಮೆಣಸಿನಕಾಯಿ ಒಂದೇ ಒಂದು, ಅದೂ ಸೀಳಿ ಬೀಜ ತೆಗೆದದ್ದು. ಮೆಣಸಿನ ಮುಕ್ಕಾಲು ಭಾಗವನ್ನು ಒಲೆ ಆರಿಸುವ ಎರಡು ನಿಮಿಷ ಮುಂಚೆ ಹಾಕಿ. ಮೊದಲೇ ಹಾಕಿದರೆ ಖಾರ ಉಳಿದು ಘಮ ಹಾರಿಹೋಗುತ್ತದೆ, ನಮಗೆ ಬೇಕಾದ್ದು ಘಮ. ಉಪ್ಪು ಸರಿಯಾಗಿರಲಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಕೊಬ್ಬು ಬಾಯಿಗೆ ಜಾರಿಕೆ ಕೊಡುತ್ತದೆ, ಮಾಂಸದ ಪ್ರೊಟೀನಿಗೆ ಟ್ಯಾನಿನ್ ಅಂಟಿಕೊಂಡು ಎಂಜಲನ್ನು ಬಿಟ್ಟುಬಿಡುತ್ತದೆ. ಸಪ್ಪೆ ಮಾಂಸದ ಜೊತೆ ಇದೇ ವೈನ್ ಒರಟು. ಬಡಿಸಿದ ಮೇಲೆ ಎರಡು ನಿಮಿಷ ಆರಲು ಬಿಟ್ಟು ತಿನ್ನಿ.

ಅದರ ಪಕ್ಕದಲ್ಲೇ, ನನ್ನ ಲೆಕ್ಕದಲ್ಲಿ ಒಂದು ಕೈ ಮೇಲೆಯೇ, ಕೊಡಗಿನ ಪಂದಿ ಕರಿ. ಕಪ್ಪಾಗುವವರೆಗೆ ಹುರಿದ ಕೊತ್ತಂಬರಿ, ಜೀರಿಗೆ, ಮೆಣಸು, ದಪ್ಪ ಕೊಬ್ಬು, ಕೊನೆಗೆ ಕಾಚಂಪುಳಿ. ಹುರಿದ ಮಸಾಲೆಯ ಹೊಗೆ ಸಿರಾದಲ್ಲಿರುವ ಸುಟ್ಟ ಮಾಂಸದಂಥ ಛಾಯೆಗೆ ಸೇರುತ್ತದೆ. ಹುಳಿಯ ಕೆಲಸ ಇನ್ನೂ ಸೂಕ್ಷ್ಮ: ಊಟ ಹುಳಿಯಿದ್ದರೆ ವೈನಿನ ಹುಳಿ ಕಡಿಮೆ ಅನಿಸಿ ಹಣ್ಣು ಮುಂದೆ ಬರುತ್ತದೆ. ಆದರೆ ಊಟದ ಹುಳಿ ವೈನಿನದನ್ನು ಮೀರಿದರೆ ವೈನ್ ಸಪ್ಪೆ ನೀರಾಗುತ್ತದೆ. ನಮ್ಮ ಬಿಸಿ ಸೀಮೆಯ ವೈನಿಗೆ ಹುಳಿ ಕಡಿಮೆಯಾದ್ದರಿಂದ ಈ ಗೆರೆ ಬೇಗ ದಾಟುತ್ತದೆ. ಕೆಜಿ ಮಾಂಸಕ್ಕೆ ಕಾಚಂಪುಳಿ ಒಂದು ದೊಡ್ಡ ಚಮಚ ಮೀರಬಾರದು. ಹುಣಸೆ ಮುಂದಿರುವ ಪುಳಿಯೋಗರೆ, ಗೊಜ್ಜು, ತಿಳಿಸಾರು ಇವಕ್ಕೆ ಸಿರಾ ಸೋಲುವುದು ಇದೇ ಕಾರಣಕ್ಕೆ.

ಮಿಲಿಟರಿ ಹೋಟೆಲಿನ ಊಟದಲ್ಲಿ ಆಯ್ದು ತಿನ್ನಬೇಕು. ಚಾಪ್ಸ್, ಕೈಮಾ ಉಂಡೆ ಚೆನ್ನ. ಗಸಗಸೆ, ಹುರಿಗಡಲೆ, ಕೊಬ್ಬರಿ ಒಗರನ್ನು ಮೆತ್ತಗಾಗಿಸುತ್ತವೆ. ನಾಟಿ ಕೋಳಿ ಸಾರು ಬಿಸಿ, ಖಾರ, ನೀರು ಮೂರೂ ಆಗಿರುವುದರಿಂದ ಹೊಂದುವುದಿಲ್ಲ. ಅದರ ತುಂಡುಗಳನ್ನು ಮುದ್ದೆಯ ಜೊತೆ ತಿಂದು, ಸಾರು ಮುಗಿದ ಮೇಲೆ ವೈನ್ ಹಿಡಿಯುವುದು ವಾಸಿ. ದೊನ್ನೆ ಬಿರಿಯಾನಿಯಲ್ಲಿ ಪುದೀನ, ಹಸಿಮೆಣಸಿನಕಾಯಿ ಜೋರು. ಸಿರಾ ನಿಲ್ಲುತ್ತದೆ, ಆದರೆ ಕುಣಿಯುವುದಿಲ್ಲ.

ಸಸ್ಯಾಹಾರಿಗಳಿಗೆ ಕೆಂಪು ವೈನ್ ಆಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಎಣ್ಣೆಗಾಯಿ ನೋಡಿ: ಶೇಂಗಾ, ಎಳ್ಳು, ಗುರೆಳ್ಳಿನ ಪುಡಿಯಲ್ಲಿ ಎಣ್ಣೆಯೂ ಪ್ರೊಟೀನೂ ಇದೆ, ಬದನೆ ತನ್ನದೇ ಸಣ್ಣ ಒಗರನ್ನು ತರುತ್ತದೆ. ಬೆಲ್ಲವನ್ನು ಮಾತ್ರ ಅರ್ಧ ಮಾಡಿ. ಊಟದ ಸಿಹಿ ವೈನಿನ ಹಣ್ಣನ್ನು ಕಸಿದು ಒಗರು, ಕಹಿಗಳನ್ನು ಬಿಟ್ಟುಹೋಗುತ್ತದೆ. ಬೆಂಗಳೂರು–ಮೈಸೂರು ಸೀಮೆಯ ಅಡುಗೆಯಲ್ಲಿ ವೈನಿಗೆ ಕಾಣದ ಶತ್ರು ಬೆಲ್ಲವೇ. ಬಿಸಿಬೇಳೆಬಾತಿಗೂ ಇದೇ ಎಚ್ಚರಿಕೆ, ಮೇಲೊಂದು ಚಮಚ ತುಪ್ಪ. ವಾಂಗಿಬಾತಿನ ಮರಾಠಿ ಮೊಗ್ಗು, ಚಕ್ಕೆಗೆ ಪೀಪಾಯಿಯ ಸಿರಾ ಹೇಳಿ ಮಾಡಿಸಿದ ಜೋಡಿ. ಎಳೆ ಹಲಸಿನಕಾಯಿ ಅಥವಾ ಅಣಬೆಯ ಪೆಪ್ಪರ್ ಫ್ರೈ ಮಟನ್ನಿಗೆ ಸಮನಾಗಿ ನಿಲ್ಲುತ್ತವೆ. ಅಣಬೆಗೆ ಉಪ್ಪು ಚೂರು ಮುಂದಿರಲಿ, ಇಲ್ಲವಾದರೆ ವೈನ್ ಕಹಿ ಅನಿಸುತ್ತದೆ. ಕೆಂಪು ಬಣ್ಣ ಬೇಕಾದ ಅಡುಗೆಗಳಲ್ಲಿ ಗುಂಟೂರಿನ ಬದಲು ಬ್ಯಾಡಗಿ ಹಾಕಿ. ಬಣ್ಣ ಪೂರ್ತಿ, ಉರಿ ಕಮ್ಮಿ.

ಮೀನಿಗೆ ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನೆಣ್ಣೆಯೊಂದಿಗೆ ವರ್ತಿಸಿ ನೀಚು ವಾಸನೆ ಎಬ್ಬಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿನಲ್ಲಿ ಅದು ತಡೆಯಲಾಗದು. ಉಪ್ಪಿನಕಾಯಿ, ಮೊಸರನ್ನ, ಹೋಳಿಗೆ ಇವನ್ನೂ ದೂರವಿಡಿ.

750 ಎಂಎಲ್ ಬಾಟಲಿ ಎಂದರೆ 150 ಎಂಎಲ್‌ನ ಐದು ಲೋಟ. ಇಬ್ಬರೇ ಕೂತರೆ ಉಳಿಯುತ್ತದೆ, ಉಳಿಯಬೇಕು. ಅದೇ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿ ನಿಲ್ಲಿಸಿಡಿ. ಅಡ್ಡ ಮಲಗಿಸಿದರೆ ಗಾಳಿಗೆ ತಾಗುವ ಮೈ ಹೆಚ್ಚು. ಎರಡು–ಮೂರು ದಿನ ಬರುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿಸಿ ಮುಚ್ಚಿ. ಮೂರನೆಯ ದಿನವೂ ಕುಡಿಯಲಾಗದಿದ್ದರೆ ಪೆಪ್ಪರ್ ಫ್ರೈ ಮಾಡಿದ ಬಾಣಲೆಯ ತಳಕ್ಕೆ ನೂರು ಎಂಎಲ್ ಸುರಿದು, ಹತ್ತಿಕೊಂಡ ಮಸಾಲೆಯನ್ನು ಕೆರೆದು, ಅರ್ಧಕ್ಕೆ ಇಂಗುವವರೆಗೆ ಕುದಿಸಿ ಮಾಂಸಕ್ಕೆ ಬೆರೆಸಿ. ಕಬ್ಬಿಣದ ಬಾಣಲೆಯಾದರೆ ಮಾತ್ರ ಬೇಡ, ವೈನಿನ ಆಮ್ಲಕ್ಕೆ ಲೋಹದ ರುಚಿ ಬಿಡುತ್ತದೆ.